ಯು-ಏಳರ ಬಾಜೂಕ

ಪತ್ರ ಬಂದದ್ದು ಮಂಗಳವಾರ, ಕರೆಂಟ್ ಹೋದ ಹೊತ್ತಿನ್ಯಾಗ.
ತಾರಿಹಾಳದ ನಮ್ಮ ಶೆಡ್ಡಿನ್ಯಾಗ ಇನ್ವರ್ಟರ್ ಕುಂಯ್ ಅಂತಿತ್ತು.
'ಮಾನ್ಯ ಗ್ರಾಹಕರೇ'
ಅಷ್ಟು ಮರ್ಯಾದಿ ಕೊಟ್ಟಾರಂದ್ರ
ಸುದ್ದಿ ಕೆಟ್ಟದ್ದ ಇರಬೇಕು.
ಈ ಚಿಪ್ ಇನ್ನ ಮ್ಯಾಲೆ ಮಾಡೂದಿಲ್ಲ.
ಬೇಕಾದವರು ಮಾರ್ಚ್ ಮೂವತ್ತೊಂದರೊಳಗ ಬರೀರಿ.
ಬರದ ಮ್ಯಾಲೆ ವಾಪಸ್ ಇಲ್ಲ.

ಕಿರುಬೆರಳಿನ ಉಗುರಿನಷ್ಟು ಕರೀ ತುಂಡು, ಹದಿನಾರು ಕಾಲು.
ಬೋರ್ಡಿನ ಮ್ಯಾಲೆ ಅದರ ಮನಿ ನಂಬರ್ ಯು-ಏಳು.
ಬ್ಯಾಡಗಿ ಪ್ಯಾಟ್ಯಾಗ ಮೆಣಸಿನಕಾಯಿ ಚೀಲ ಕಾಟಾಕ್ಕ ಏರಿಸಿದಾಗ
ಕೆಂಪು ಅಂಕಿ ಕುಣದು ಕುಣದು ನಿಂದರತಾವಲ್ಲ,
ಆ ನಿಂದರೂದು ಇದರ ಕೆಲಸ.
ಹನ್ನೊಂದು ವರ್ಷ ಒಂದು ಸುಳ್ಳು ಹೇಳಿಲ್ಲ.

ಇದನ್ನ ಆರಿಸಿದಾಕಿ ನಾನ.
ಒಂಬತ್ತು ರೂಪಾಯಿ ಉಳೀತೈತಿ ಅಂತ ಆರಿಸಿದೆ.
ಜಗತ್ತಿನ್ಯಾಗ ಒಬ್ಬನ ಇದನ್ನ ಮಾಡತಾನ ಅಂತ
ಅವತ್ತ ಗೊತ್ತಿತ್ತು.

'ಎಷ್ಟು ತರಸೂಣು?' ಅಂದ್ರು ಹೊಂಬಳ ಸಾಹೇಬ್ರು.
ವರ್ಷಕ್ಕ ಎಷ್ಟು ಕಾಟಾ ಹೋಗತಾವು,
ಎಷ್ಟು ಸಿಡಿಲಿಗೆ ಸುಡತಾವು,
ಎಷ್ಟಕ್ಕ ಇಲಿ ಉಚ್ಚಿ ಹೊಯ್ಯತೈತಿ,
ಎಲ್ಲಾ ಗುಣಿಸಿದೆ.
ಕಡಿಮಿ ತಗೊಂಡ್ರ ನಾವು ಕೊಟ್ಟ ಮಾತು ಸಾಯತೈತಿ.
ಹೆಚ್ಚು ತಗೊಂಡ್ರ ರೊಕ್ಕ ಕಪಾಟಿನ್ಯಾಗ ಕುಂತು
ಬ್ಯಾಂಕಿಗೆ ಬಡ್ಡಿ ಕಟ್ಟತೈತಿ.
ಮುಂದಿನ ಹತ್ತು ವರ್ಷ ಯಾ ಕಾಲಮ್ಮಿನ್ಯಾಗೂ ಕೂಡ್ರವಲ್ದು.

ದಿಲ್ಲಿಯ ದಲಾಲಿ ಫೋನ್ ಮಾಡಿದ:
'ಐದು ಸಾವಿರ ಅದಾವ ಮೇಡಂ, ಸೀಲ್ ಸಹಿತ ಹೊಸಾವು.'
ನಮೂನಿಗೆ ಹತ್ತು ತರಿಸಿ
ಅರಳ್ಯಾಗ ಅಸಿಟೋನ್ ಅದ್ದಿ ಒರಸಿದೆ.
ಹೆಸರು ಅರಳಿಗೆ ಬಂತು.
ಕೆಳಗ ಇನ್ನೊಂದು ಹೆಸರು, ಇನ್ನೊಂದು ಇಸವಿ.
ಸತ್ತವರ ರೇಶನ್ ಕಾರ್ಡ್ ಹಿಡದು
ಪಾಳೇಕ ನಿಂತವರ ನೆನಪಾತು.

ಬ್ಯಾಡಗಿಗೆ ಹೋದೆ. ರಿಪೇರಿ ದಾವಲಸಾಬ
ಬಿಸ್ಕೀಟ್ ಡಬ್ಬಿ ತಗದು ತೋರಿಸಿದ.
ಕೆಟ್ಟ ಕಾಟಾಗಳಿಂದ ಬಿಸಿಗಾಳಿ ಹಿಡದು ಬಿಡಿಸಿದ ಯು-ಏಳುಗಳು,
ಕಾಲಿಗೆ ಹಳೇ ಬೆಸುಗಿ, ಮೈಗೆ ಖಾರದ ಧೂಳು.
ಇಬ್ಬರೂ ಸೀನಿದೆವು.
'ಅಕ್ಕಾರ, ಮಷಿನ್ ಮೊದಲ ಸಾಯೂದಿಲ್ರಿ,' ಅಂದ,
'ಮೊದಲ ಸಾಯೂದು ಅದರ ಬಿಡಿಸಾಮಾನಿನ ಅಂಗಡಿ.'

ಆ ರಾತ್ರಿ ಹೊಸಾ ಬೋರ್ಡು ಬರದೆ.
ಯು-ಏಳು ಇದ್ದಲ್ಲೇ ಇರಲಿ.
ಅದರ ಬಾಜೂಕ ಇನ್ನೊಂದು ಸಾಲು ತಾಮ್ರದ ಚುಕ್ಕಿ,
ಬ್ಯಾರೇ ಕಂಪನಿಯ, ಅಗಲ ಕಾಲಿನ ಒಬ್ಬರಿಗೆ.
ಯಾರು ಬರತಾರೋ ಅವರ ಕಡೆ ದಾರಿ ತಿರುವಾಕ
ಸೊನ್ನೆ ಓಮಿನ ಮೂರು ತುಂಡು.
ತೂಕದ ಲೆಕ್ಕ ಒಂದು ಕಡೆ, ಚಿಪ್ಪಿನ ಭಾಷಾ ಇನ್ನೊಂದು ಕಡೆ,
ಸಾಫ್ಟ್‌ವೇರಿನ್ಯಾಗೂ ನಡುವ ಗ್ವಾಡಿ ಕಟ್ಟಿದೆ.

'ಏನಿದು, ಹಲ್ಲು ಬಿದ್ದ ವಸಡಿನಂಗ?' ಸಾಹೇಬ್ರು ಕೇಳಿದ್ರು.
'ಖಾಲಿ ಜಾಗಾರಿ.'
'ಖಾಲಿ ಜಾಗಾಕ್ಕ ಯಾಕ ರೊಕ್ಕ?'
ಬೋರ್ಡಿಗೆ ಎರಡು ರೂಪಾಯಿ ಹತ್ತು ಪೈಸೆ. ಎರಡು ದಿನ ಜಗಳಾಡಿದ್ರು.
ಮೂರನೇ ದಿನ ಒಪ್ಪಿದ್ದು ನನ್ನ ಮಾತಿಗಲ್ಲ,
ಡಬ್ಬಿಯ ಅಚ್ಚಿನ್ಯಾಗ ಮೊದಲ ಜಾಗಾ ಇತ್ತು ಅಂತ.

ಕಡೀಕ ಆರು ಸಾವಿರದ ಎರಡುನೂರು ಬರದೆ.
ಅದು ಸರಿಯೋ ತಪ್ಪೋ ನನಗ ಗೊತ್ತಿಲ್ಲ.
ಉಕ್ಕಿನ ಕಪಾಟು, ಗಾಳಿ ತಗದ ಚೀಲ,
ಒಳಗ ತೇವ ನೋಡೋ ಚೀಟಿ.
ಸೋಮವಾರಕ್ಕೊಮ್ಮೆ ಬಾಗಲಾ ತಗದು ನೋಡತೀನಿ:
ನೀಲಿ, ನೀಲಿ, ನೀಲಿ.
ಆಷಾಢದಾಗ ಒಂದು ಚುಕ್ಕಿ ತುಸು ಗುಲಾಬಿ ಆಗಿತ್ತು.
ಯಾರಿಗೂ ಹೇಳಲಿಲ್ಲ, ಚೀಲ ಬದಲಿ ಮಾಡಿದೆ.

ದೀಪಾವಳಿ ಮುಂದ ದಾವಲಸಾಬ ಶೆಡ್ಡಿಗೆ ಬಂದ.
ಮೇಜಿನ ಮ್ಯಾಲೆ ಹೊಸಾ ಕಾಟಾ.
ಯು-ಏಳರ ಮನಿ ಖಾಲಿ, ಬಾಜೂ ಮನ್ಯಾಗ ದೀಪ.
ಏನೂ ಕೇಳದ ತನ್ನ ಬಿಸ್ಕೀಟ್ ಡಬ್ಬಿ ಎತ್ತಿ ತಟ್ಟ್ಯಾಗ ಇಟ್ಟ.
ಅಂಕಿ ಕುಣದ್ವು.
ನಿಂತ್ವು.
ಒಂದು ಕಿಲೋ ಮುನ್ನೂರ ನಲವತ್ತು.

ಎರಡು ಸಲ ಎತ್ತಿ ಇಟ್ಟು ನೋಡಿದ, ಅಷ್ಟ.
ಆಮ್ಯಾಲೆ ಡಬ್ಬಿ ಬಗಲಾಗ ಒತ್ತಿಕೊಂಡು
'ಇರಲಿ ಬಿಡ್ರಿ, ಇದೂ ಇರಲಿ' ಅಂತ
ಬಸ್ಸಿಗೆ ಓಡಿದ.